ಆಟದ ಬಯಲು ಮತ್ತು ಮಕ್ಕಳ ಆಹಾರ

ಪೈರಿಗೆ ಗೊಬ್ಬರವೂ ನೀರೂ ಒಟ್ಟಿಗೆ ಬೇಕಾಗುವಂತೆ, ಬೆಳೆಯುವ ಮಕ್ಕಳಿಗೆ ಆಟವೂ ಪುಷ್ಟಿಕರವಾದ ಆಹಾರವೂ ಒಟ್ಟಿಗೆ ಬೇಕು. ಒಂದನ್ನು ಬಿಟ್ಟು ಮತ್ತೊಂದನ್ನು ಒದಗಿಸಿದರೆ ಪೂರ್ಣಫಲವು ದೊರೆಯಲಾರದು.

ಮೂಳೆಯ ಬೆಳವಣಿಗೆಯೇ ಇದಕ್ಕೆ ನಿದರ್ಶನ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುತ್ತದೆ. ಅಷ್ಟೇ ತೂಕದ ಬಿಳಿಯಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಈ ಸುಣ್ಣವು ಚೆನ್ನಾಗಿ ದೇಹಗತವಾಗಬೇಕಾದರೆ 'ಡಿ' ಜೀವಸತ್ವವು ಅವಶ್ಯಕ. ಬಿಸಿಲು ಬಿದ್ದ ಚರ್ಮದಲ್ಲಿ ಅದು ಉತ್ಪತ್ತಿಯಾಗುತ್ತದೆ. ಓಟ, ನೆಗೆತಗಳಿಂದ ಮೂಳೆಯು ಗಟ್ಟಿಯಾಗುತ್ತದೆ. ಹೀಗೆ ಹೊಲದ ರಾಗಿಯೂ ಬಯಲಿನ ಬಿಸಿಲೂ ಖೊಖೊ ಆಟವೂ ಕೂಡಿ ಒಂದೇ ಕಾರ್ಯವನ್ನು ಸಾಧಿಸುವುವು.

ಆಟದಲ್ಲಿ ಬೇಗನೆ ಬಳಲಿ ಕುಳಿತುಬಿಡುವ ಮಗುವನ್ನು ಸೋಮಾರಿಯೆಂದು ಗದರಿಸಲಾಗದು. ಅದಕ್ಕೆ ರಕ್ತಹೀನತೆಯಿರಬಹುದು, ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶವು ನಿಂಬೆಹಣ್ಣು ಅಥವಾ ನೆಲ್ಲಿಕಾಯಿಯೊಡನೆ ತಿಂದರೆ ಹೆಚ್ಚಾಗಿ ರಕ್ತಗತವಾಗುತ್ತದೆ; ಊಟದೊಡನೆ ಚಹಾ ಕುಡಿದರೆ ಕಡಮೆಯಾಗುತ್ತದೆ.

ಈ ಸಂಗತಿಗಳನ್ನು ಪುಸ್ತಕದಿಂದ ಬೋಧಿಸುವುದಕ್ಕಿಂತಲೂ, ಕಬಡ್ಡಿ ಮುಗಿದು ಹಸಿವಾಗಿರುವ ವೇಳೆಯಲ್ಲಿ ತಿಳಿಸುವುದು ಲೇಸು. ಅಂದಿನ ಆಟಕ್ಕೆ ಬಲವು ಯಾವ ಆಹಾರದಿಂದ ಬಂದಿತೆಂಬುದನ್ನು ಉಪಾಧ್ಯಾಯರು ಮಕ್ಕಳಿಂದಲೇ ಹೇಳಿಸಬೇಕು. ಬಳಿಕ ನೆನೆಸಿ ಮೊಳಕೆ ಬರಿಸಿದ ಹೆಸರುಕಾಳಿಗೆ ನಿಂಬೆರಸ ಹಿಂಡಿ ಹಂಚಿದರೆ ಪಾಠವು ಮನಸ್ಸಿನಲ್ಲಿ ನಿಲ್ಲುವುದು.

ರೈತರಾದರೋ ರಾಗಿಯನ್ನೆಲ್ಲ ಮಾರಿಬಿಡದೆ ಮನೆಯ ಮಕ್ಕಳಿಗೆ ಸಾಕಾಗುವಷ್ಟನ್ನು ಉಳಿಸಿಕೊಂಡು, ಹಿತ್ತಲಲ್ಲಿ ನುಗ್ಗೆಯನ್ನೂ ಸೊಪ್ಪನ್ನೂ ಬೆಳೆಯತಕ್ಕದ್ದು. ಸಂಜೆ ಒಂದು ಗಂಟೆಯ ಆಟಕ್ಕೆ ಮಕ್ಕಳನ್ನು ಬಿಡುವುದೂ ಅವರ ಪೋಷಣೆಯ ಒಂದು ಭಾಗವೆಂದೇ ಎಣಿಸತಕ್ಕದ್ದು.