ಕಂಪನಿಯ ಕರೆಂಟು, ಕಾವೇರಿಯ ನೀರು

ಪುಟ್ಟೀ, ರೂಮಿನಿಂದ ಹೊರಗೆ ಬಂದರೆ ನೀನು ಫ್ಯಾನ್ ಆರಿಸಿಯೇ ಬರುವವಳು. ನಿಮ್ಮಮ್ಮ ಕಲಿಸಿದ ಅಭ್ಯಾಸ ಅದು. ಆಫೀಸಿನಲ್ಲಿ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಅಲ್ಲಿ ಸ್ವಿಚ್ಚು ಎಲ್ಲಿದೆ ಎಂದೇ ಯಾರಿಗೂ ತಿಳಿದಿರುವುದಿಲ್ಲ, ಬಿಲ್ಲು ಯಾರ ಕೈಗೆ ಬರುತ್ತದೆ ಎಂಬುದೂ ತಿಳಿದಿರುವುದಿಲ್ಲ. ದೊಡ್ಡ ಕಟ್ಟಡಗಳ ಕರೆಂಟು, ಪಂಪು, ಏಸಿ ನೋಡಿಕೊಳ್ಳುವುದರಲ್ಲೇ ನಿನ್ನ ದೊಡ್ಡಪ್ಪನಾದ ನನ್ನ ನೌಕರಿ ಮುಗಿಯಿತು. ಒಳ್ಳೆಯ ಮನೆಗಳಿಂದ ಬಂದ, ಓದಿದ ಮಕ್ಕಳೇ ಆಫೀಸಿನ ಬಾಗಿಲು ದಾಟಿದೊಡನೆ ನೀರು, ಕರೆಂಟು ಎರಡೂ ಬಿಟ್ಟಿ ಎಂಬಂತೆ ಬಳಸುವುದನ್ನು ಅಲ್ಲಿ ಕಂಡಿದ್ದೇನೆ. ಕೆಟ್ಟತನದಿಂದಲ್ಲ. ಯಾರದೂ ಅಲ್ಲದ್ದರ ಮೇಲೆ ಯಾರ ಕಣ್ಣೂ ಇರುವುದಿಲ್ಲ. ನಿನ್ನ ಕಣ್ಣು ಇರಲಿ ಎಂಬುದು ನನ್ನ ಆಸೆ.

ಮೊದಲು ನೀರಿನ ಮಾತು. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬರಬೇಕು. ಅದು ತಾನಾಗಿ ಹರಿದು ಬರುವ ದಾರಿಯಲ್ಲ, ಏರು ದಾರಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪು ಮಾಡಿ ಒಟ್ಟು 500 ಮೀಟರಿನಷ್ಟು ಎತ್ತರಕ್ಕೆ ಏರಿಸುತ್ತಾರೆ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟಿಗೇ ಹೋಗುವುದು ಇದಕ್ಕಾಗಿ. ಮೀಟಿಂಗ್ ರೂಮಿನಲ್ಲಿ ಎರಡು ಗುಟುಕು ಕುಡಿದು ಬಿಟ್ಟುಬರುವ ಬಾಟಲಿಯನ್ನು ನೋಡಿದಾಗ ನನಗೆ ಈ ಮೂರು ಪಂಪುಮನೆಗಳೇ ನೆನಪಾಗುತ್ತವೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಊರು ಟ್ಯಾಂಕರಿಗಾಗಿ ಕಾದದ್ದನ್ನು ನೀನೂ ಕಂಡಿದ್ದೀಯ. ಆಗ ಜಲಮಂಡಳಿ ನಲ್ಲಿಗಳಿಗೆ ಏರೇಟರ್ ಹಾಕಿಸಿ ಎಂದು ಆದೇಶಿಸಿತು. ನಲ್ಲಿಯ ತುದಿಗೆ ಹಾಕುವ ಸಣ್ಣ ಜಾಲರಿ ಅದು, ನೀರಿನೊಂದಿಗೆ ಗಾಳಿ ಬೆರೆಸಿ ಹರಿವನ್ನು ತಗ್ಗಿಸುತ್ತದೆ. ನಿಮ್ಮ ಮಹಡಿಯ ವಾಶ್‌ಬೇಸಿನ್ನುಗಳಲ್ಲಿ ಇನ್ನೂ ಇದೆಯೇ, ಯಾರಾದರೂ ಕಿತ್ತುಹಾಕಿದ್ದಾರೆಯೇ, ನೋಡು. ನಿನ್ನ ಸ್ಟೀಲ್ ಬಾಟಲಿ ಬ್ಯಾಗಿನಲ್ಲಿ ಸದಾ ಇರಲಿ.

ಏಸಿಯ ವಿಷಯದಲ್ಲಿ ನನಗೆ ನಿಜಕ್ಕೂ ನೋವಿದೆ. ಬೆಂಗಳೂರಿನಂಥ ತಂಪು ಊರಿನಲ್ಲಿ ಒಳಗೆ 20 ಡಿಗ್ರಿ ಇಟ್ಟು, ಸ್ವೆಟರ್ ಹಾಕಿಕೊಂಡು ಕೂರುವುದು ಎಷ್ಟು ಸರಿ? ಒಂದು ಡಿಗ್ರಿ ಹೆಚ್ಚಿಸಿದರೆ ಸುಮಾರು ಶೇಕಡ 6ರಷ್ಟು ಕರೆಂಟು ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ. 2020ರಿಂದ ಮಾರಾಟವಾಗುವ ರೂಮ್ ಏಸಿಗಳು ಕಾರ್ಖಾನೆಯಿಂದಲೇ 24ಕ್ಕೆ ಹೊಂದಿಸಿ ಬರಬೇಕೆಂಬ ನಿಯಮವೂ ಆಗಿದೆ. ರಿಮೋಟ್ ನಿನ್ನ ಕೈಯಲ್ಲಿರುವ ಕಡೆ 24ಕ್ಕಿಂತ ಕೆಳಗೆ ಇಳಿಸಬೇಡ.

ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆ ಎನ್ನುವ ಈಗಿನ ಪದ್ಧತಿಯಲ್ಲಿ ಕಣ್ಣಿಗೆ ಬೀಳದ ಇನ್ನೊಂದು ನಷ್ಟವಿದೆ. ಇನ್ನೂರು ಜನರ ಮಹಡಿಯಲ್ಲಿ ಮೂವತ್ತು ಜನ ಅಲ್ಲೊಬ್ಬರು ಇಲ್ಲೊಬ್ಬರು ಕೂತರೂ ಏಸಿ, ದೀಪ ಇಡೀ ಮಹಡಿಗೆ ಓಡುತ್ತವೆ. ಅದೇ ಹೊತ್ತಿಗೆ ಉಳಿದವರ ಮನೆಗಳಲ್ಲೂ ಫ್ಯಾನು ತಿರುಗುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ. ನಿಮ್ಮ ತಂಡದವರು ಮಾತಾಡಿಕೊಂಡು ಒಂದೇ ದಿನ ಬನ್ನಿ, ಒಂದೇ ಮೂಲೆಯಲ್ಲಿ ಕುಳಿತುಕೊಳ್ಳಿ, ಉಳಿದ ಭಾಗ ಆರಿಸಲು ಹೇಳಿ. ಹಳೆಯ ಮೇಲ್ ಅಳಿಸಿ ಭೂಮಿ ಉಳಿಸಿ ಎನ್ನುವ ಪೋಸ್ಟರುಗಳಿಗಿಂತ ಇದರಿಂದ ಆಗುವ ಉಪಕಾರ ದೊಡ್ಡದು.

ಇನ್ನು ಪೇಪರ್ ಕಪ್ಪು. ಹೆಸರಿಗೆ ಪೇಪರ್, ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ. ಬಿಸಿ ನೀರು ಹಾಕಿ ಹದಿನೈದು ನಿಮಿಷ ಬಿಟ್ಟರೆ ಆ ಪದರದಿಂದ ಸಾವಿರಾರು ಸೂಕ್ಷ್ಮ ಕಣಗಳು ಕಳಚಿ ನೀರಿನಲ್ಲಿ ಸೇರುವುದನ್ನು ಖರಗಪುರದ ಐಐಟಿಯವರು 2020ರಲ್ಲಿ ತೋರಿಸಿದರು. ಕುಡಿದ ಮೇಲೆ ಆ ಕಪ್ಪು ಸುಲಭವಾಗಿ ಮರುಬಳಕೆಗೂ ಹೋಗುವುದಿಲ್ಲ. ಹಾಗಾದರೆ ಎಲ್ಲಿಗೆ ಹೋಗುತ್ತದೆ? ನಿನ್ನ ಆಫೀಸಿರುವ ವೈಟ್‌ಫೀಲ್ಡಿನಿಂದ ಬಹಳ ದೂರವಿಲ್ಲ ಮಂಡೂರು. ವರ್ಷಗಟ್ಟಲೆ ಬೆಂಗಳೂರಿನ ಕಸವನ್ನು ಆ ಊರಿನ ಮಗ್ಗುಲಲ್ಲಿ ಸುರಿದರು. ವಾಸನೆ, ನೊಣ, ಕೆಟ್ಟ ನೀರು ಸಹಿಸಿ ಸಾಕಾಗಿ ಜನ ದಾರಿಗಿಳಿದ ಮೇಲೆ, 2014ರ ಕೊನೆಗೆ ಅದು ನಿಂತಿತು. ನಿಂತದ್ದು ಮಂಡೂರಿಗೆ ಮಾತ್ರ, ಕಸ ಬೇರೆ ಊರು ಹುಡುಕಿಕೊಂಡಿತು. ಒಂದು ಲೋಟ ಮೇಜಿನ ಮೇಲಿಟ್ಟುಕೋ ತಾಯಿ. ಹೊರಗಿನಿಂದ ತರಿಸಿದ ಊಟದ ಡಬ್ಬಿಯಲ್ಲಿ ಮಿಕ್ಕಿದ್ದನ್ನು ಹಸಿ ಕಸಕ್ಕೆ ಹಾಕಿ, ಡಬ್ಬಿ ತೊಳೆದು ಒಣ ಕಸಕ್ಕೆ ಹಾಕು. ನೀನು ಬೆರೆಸಿ ಎಸೆದದ್ದನ್ನು ಇನ್ನೊಬ್ಬ ಹೆಣ್ಣುಮಗಳು ಬರಿಗೈಯಲ್ಲಿ ಬೇರ್ಪಡಿಸಬೇಕಾಗುತ್ತದೆ.

ಮನೆಯಿಂದ ಕೆಲಸ ಮಾಡುವ ದಿನ ಪ್ರಯಾಣದ ಹೊಗೆ ಉಳಿಯುತ್ತದೆ, ನಿಜ. ಆದರೆ ಎರಡು ಹೊತ್ತೂ ಮೊಬೈಲಿನಲ್ಲಿ ಊಟ ತರಿಸಿದರೆ ಆ ಉಳಿತಾಯದ ಒಂದಷ್ಟನ್ನು ಸ್ಕೂಟರು, ಕಪ್ಪು ಪ್ಲಾಸ್ಟಿಕ್ ಡಬ್ಬಿಗಳು ತಿಂದುಹಾಕುತ್ತವೆ. ಬೆಳಿಗ್ಗೆಯೇ ಒಂದು ಅನ್ನ, ಒಂದು ಸಾರು ಮಾಡಿಟ್ಟುಕೋ. ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದರೆ ಹಗಲು ದೀಪ ಬೇಕಾಗದು. ಆಫೀಸಿಗೆ ಹೋಗುವ ದಿನಕ್ಕೆ ವೈಟ್‌ಫೀಲ್ಡಿನವರೆಗೆ ಮೆಟ್ರೋ ಇದ್ದೇ ಇದೆ.

ಲ್ಯಾಪ್‌ಟಾಪ್ ಬಗ್ಗೆ ಒಂದು ಮಾತು. ಅದರಿಂದ ಭೂಮಿಗಾಗುವ ಹೊರೆಯಲ್ಲಿ ಹೆಚ್ಚಿನದು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಆದ್ದರಿಂದ ಹೊಸದು ಕೊಡುತ್ತೇವೆಂದರೂ, ಇರುವುದಕ್ಕೆ ಬ್ಯಾಟರಿ ಬದಲಿಸಿಕೊಂಡು ಎರಡು ವರ್ಷ ಹೆಚ್ಚು ಬಳಸಲಾದೀತೇ ಎಂದು ಕೇಳು. ಮನೆಯ ಯುಪಿಎಸ್ ಬ್ಯಾಟರಿ ಸತ್ತರೆ ಗುಜರಿಗೆ ಹಾಕಬೇಡ, ಅದರಲ್ಲಿ ಸೀಸವಿದೆ. ಹೊಸದನ್ನು ಕೊಂಡ ಅಂಗಡಿಗೇ ಹಳೆಯದನ್ನು ಕೊಡು.

ಇಷ್ಟನ್ನೂ ನೀನೊಬ್ಬಳೇ ಮಾಡಿದರೆ ಸಾಲದು ಎಂದು ನನಗೂ ಗೊತ್ತು. ಅದಕ್ಕೇ ನಿಮ್ಮ ಕಟ್ಟಡದ ಎಲೆಕ್ಟ್ರಿಷಿಯನ್ನರನ್ನು ಮಾತಾಡಿಸು ಎನ್ನುತ್ತೇನೆ. ಯಾವ ಮಹಡಿಯ ಏಸಿ ರಾತ್ರಿಯೆಲ್ಲ ಸುಮ್ಮನೆ ಓಡುತ್ತದೆ, ಯಾವ ಟ್ಯಾಂಕು ತುಂಬಿ ಹರಿಯುತ್ತದೆ, ಅವರಿಗೆ ಎಲ್ಲ ಗೊತ್ತಿರುತ್ತದೆ. ಕೇಳುವವರಿಲ್ಲ. ಅವರು ಹೇಳಿದ್ದನ್ನು ಬರೆದು ಅಡ್ಮಿನ್‌ನವರಿಗೆ ಒಂದು ಮೇಲ್ ಹಾಕು, ನಿನ್ನ ಮ್ಯಾನೇಜರಿಗೂ ಒಂದು ಪ್ರತಿ ಹೋಗಲಿ. ದೂರಿನ ಧಾಟಿ ಬೇಡ, ಎಷ್ಟು ಯೂನಿಟ್ ಉಳಿಯಬಹುದೆಂಬ ಲೆಕ್ಕ ಇರಲಿ. ಲೆಕ್ಕ ಹಾಕುವುದಕ್ಕೆ ನಾನು ಕೂರುತ್ತೇನೆ, ಏಸಿಯ ವಿವರ ಕಳಿಸು. ಉತ್ತರ ಬರದಿದ್ದರೆ ಒಂದು ತಿಂಗಳು ಬಿಟ್ಟು ಮತ್ತೆ ಬರೆಯೋಣ.