ಪ್ಯಾದೆ ಕೊಡುವ ಮೊದಲು

ತಮ್ಮಾ, ತಂಗೀ, ಚದುರಂಗದಲ್ಲಿ ಬಿಳಿ ಕಾಯಿ ಬಂದರೆ ಮೈಮೇಲೆ ಬಿದ್ದು ಆಡಬೇಕೆಂಬ ನಿಮ್ಮ ಆಸೆ ನನಗೆ ಇಷ್ಟ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಹುಡುಗರಲ್ಲಿ ಈ ಧೈರ್ಯ ಇದ್ದೇ ಇದೆ. ಆದರೆ ಮೊಬೈಲಿನಲ್ಲಿ ಕಂಡ ಗ್ಯಾಂಬಿಟ್‌ಗಳನ್ನೆಲ್ಲ ಗುಡ್ಡೆ ಹಾಕಿಕೊಳ್ಳಬೇಡಿ. ಇ4 ಒಂದನ್ನೇ ಹಿಡಿಯಿರಿ. ಪ್ಯಾದೆ ಕೊಡುವಾಗಲೆಲ್ಲ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ಬದಲಾಗಿ ನನಗೆಷ್ಟು ವೇಳೆ ಸಿಕ್ಕಿತು?

ಇವಾನ್ಸ್ ಗ್ಯಾಂಬಿಟ್ ಇದನ್ನು ಕಲಿಸಿದಷ್ಟು ಚೆನ್ನಾಗಿ ಬೇರಾವುದೂ ಕಲಿಸಲಿಕ್ಕಿಲ್ಲ. 1820ರ ದಶಕದಲ್ಲಿ ವಿಲಿಯಂ ಇವಾನ್ಸ್ ಎಂಬ ಹಡಗಿನ ಕ್ಯಾಪ್ಟನ್ ಕಂಡುಕೊಂಡದ್ದು. ಇ4 ಇ5, ಕುದುರೆ ಎಫ್3 ಕುದುರೆ ಸಿ6, ಒಂಟೆ ಸಿ4 ಒಂಟೆ ಸಿ5; ಈಗ ಬಿ4 ಎಂದು ಪ್ಯಾದೆಯನ್ನು ಒಂಟೆಯ ಬಾಯಿಗೇ ಇಡುತ್ತೀರಿ. ಒಂಟೆ ಅದನ್ನು ಹೊಡೆದ ಕೂಡಲೇ ಸಿ3. ಒಂಟೆ ಮತ್ತೆ ಓಡಲೇಬೇಕು, ಅಷ್ಟರಲ್ಲಿ ನಿಮ್ಮ ಡಿ4 ಬರುತ್ತದೆ. ಒಂದು ಪ್ಯಾದೆಗೆ ಒಂದು ನಡೆ, ಅದರ ಜೊತೆಗೆ ನಡುಮನೆಗಳ ಹಿಡಿತ. ವ್ಯಾಪಾರ ನ್ಯಾಯವಾಗಿದೆ. 1852ರಲ್ಲಿ ಬರ್ಲಿನ್ನಿನಲ್ಲಿ ಆಂಡರ್ಸನ್ ಡುಫ್ರೆನ್‌ನನ್ನು ಮಣಿಸಿದ ಪ್ರಸಿದ್ಧ ಆಟ ಇದೇ ಆರಂಭದ್ದು. ಹಳೇ ಸರಕು ಎನ್ನುವವರಿಗೆ 1995ರ ರೀಗಾ ಆಟ ತೋರಿಸಿ: ಕಾಸ್ಪರೋವ್ ಬಿ4 ಆಡಿ ನಮ್ಮ ಆನಂದ್‌ರನ್ನು 25 ನಡೆಗಳಲ್ಲಿ ಸೋಲಿಸಿದರು.

ಎದುರಿನವನೂ ಕಲಿತೇ ಬಂದಿರುತ್ತಾನೆ. ಲಾಸ್ಕರ್ ತೋರಿದ ದಾರಿಯಲ್ಲಿ ಅವನು ಒಂಟೆಯನ್ನು ಎ5ಕ್ಕೆ ಎಳೆದು, ಡಿ6 ಆಡಿ, ನೀವು ಕ್ಯಾಸ್ಲಿಂಗ್ ಮಾಡಿದಾಗ ಒಂಟೆಯನ್ನು ಬಿ6ರಲ್ಲಿ ಕೂರಿಸುತ್ತಾನೆ. ತೊಗೊಂಡ ಪ್ಯಾದೆ ವಾಪಸು ಕೊಡಲು ಅವನು ತಯಾರು. ನೀವು ಆಸೆಗೆ ಬಿದ್ದು ಇ5ರಲ್ಲಿ ಹೊಡೆದು, ಮಂತ್ರಿಗಳನ್ನು ಬದಲಾಯಿಸಿಕೊಂಡರೆ ಪ್ಯಾದೆ ಲೆಕ್ಕ ಸರಿಹೋಗುತ್ತದೆ, ದಾಳಿ ಅಲ್ಲಿಗೆ ಮುಗಿಯುತ್ತದೆ. ಎ, ಸಿ ಪ್ಯಾದೆಗಳು ಒಂಟಿಯಾಗಿ ನಿಲ್ಲುತ್ತವೆ. ಮಂತ್ರಿಗಳನ್ನು ಬದಲಾಯಿಸಿಕೊಳ್ಳುವ ಬದಲು ನಿಮ್ಮ ಮಂತ್ರಿಯನ್ನು ಬಿ3ಗೆ ತಂದು ಎಫ್7ರ ಮೇಲೆ ಕಣ್ಣಿಡಿ. ಪ್ಯಾದೆ ಆಮೇಲೆ ನೋಡಿಕೊಳ್ಳೋಣ.

ಮೂರನೇ ನಡೆಯಲ್ಲೇ ಅವನು ಒಂಟೆಯ ಬದಲು ಕುದುರೆಯನ್ನು ಎಫ್6ಕ್ಕೆ ತಂದರೆ ನಿಮ್ಮಲ್ಲಿ ಬಹಳ ಜನ ಕುದುರೆಯನ್ನು ಜಿ5ಕ್ಕೆ ನುಗ್ಗಿಸುತ್ತೀರಿ. ಎಫ್7ರಲ್ಲಿ ಕುದುರೆ ಬಲಿಕೊಟ್ಟು ಗೆದ್ದ ಖುಷಿ ನನಗೂ ಅರ್ಥವಾಗುತ್ತದೆ. ಆದರೆ ತಿಳಿದವನು ಡಿ5 ಆಡಿ, ನೀವು ಹೊಡೆದಾಗ ಕುದುರೆಯನ್ನು ಎ5ಕ್ಕೆ ಇಡುತ್ತಾನೆ. ಒಂಟೆ ಬಿ5ರಿಂದ ಶಹ ಕೊಟ್ಟರೆ ಸಿ6. ಈಗ ಪ್ಯಾದೆ ನಿಮ್ಮ ಕೈಯಲ್ಲಿ, ವೇಳೆ ಅವನ ಕೈಯಲ್ಲಿ! ನಿಮ್ಮ ಒಂಟೆ, ಕುದುರೆ ಎರಡೂ ಓಡುತ್ತಿರುತ್ತವೆ. ಆದ್ದರಿಂದ ಕುದುರೆಯನ್ನು ಜಿ5ಕ್ಕೆ ನುಗ್ಗಿಸುವ ಬದಲು ಡಿ4 ಆಡಿ ಎನ್ನುತ್ತೇನೆ.

ರಬಕವಿ–ಬನಹಟ್ಟಿಯ ಮಕ್ಕಳಿಗೆ ನಾನು ಹೇಳಬೇಕಿಲ್ಲ, ಹಾಸು ಬಿಗಿಯಾಗದೆ ಲಾಳಿ ಓಡಿಸಿದರೆ ಬಟ್ಟೆಯಾಗುವುದಿಲ್ಲ. ಕಾಯಿಗಳು ಮನೆಯಿಂದ ಹೊರಬರದೆ ಮಂತ್ರಿಯೊಂದನ್ನೇ ಕುಣಿಸುವ ಆಟವೂ ಹಾಗೆಯೇ.

ನಿಮ್ಮ ಇ4ಗೆ ಅವನು ಇ5 ಆಡದಿದ್ದರೆ? ಸಿಸಿಲಿಯನ್‌ಗೆ ಡಿ4, ಸಿ3 ಎಂದು ಸ್ಮಿತ್–ಮೊರ್ರಾ ಆಡಬಹುದು, ಅಲ್ಲೂ ಅದೇ ಲೆಕ್ಕ. ಫ್ರೆಂಚ್‌ಗೆ ಇ5 ಮುಂದೊತ್ತಿ. ಕಾರೋ–ಕಾನ್‌ಗೆ ಡಿ5ರಲ್ಲಿ ಬದಲಾಯಿಸಿಕೊಂಡು ಸಿ4 ಆಡುವ ಪನೋವ್ ದಾಳಿ. ಸದ್ಯಕ್ಕೆ ಇಷ್ಟು ಸಾಕು.

ಇದನ್ನೆಲ್ಲ ಮೂರು ನಿಮಿಷದ ಆನ್‌ಲೈನ್ ಆಟದಲ್ಲಿ ಕಲಿಯಲಾಗದು. ಬೋರ್ಡಿನ ಮುಂದೆ ಕೂತು ಆಡಬೇಕು. ಅದಕ್ಕೆ ಸಾಂಗಲಿ ನಮಗೆ ಹತ್ತಿರ. ಚದುರಂಗ ಆಟಗಾರ್ತಿ ಭಾಗ್ಯಶ್ರೀ ಠಿಪ್ಸೆ ಆ ಊರಿನವರು. ಅಲ್ಲಿ ನೂತನ ಬುದ್ಧಿಬಲ ಮಂಡಳ ಟೂರ್ನಿಗಳನ್ನು ನಡೆಸುತ್ತ ಬಂದಿದೆ. ಹೋಗಿ ಆಡಿ. ಆಡಿದ ನಡೆಗಳನ್ನೆಲ್ಲ ಹಾಳೆಯಲ್ಲಿ ತಪ್ಪದೆ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ಕಂಪ್ಯೂಟರಿಗೆ ತೋರಿಸುವ ಮೊದಲು, ಪ್ಯಾದೆ ಕೊಟ್ಟ ನಡೆಯ ಪಕ್ಕದಲ್ಲಿ ಅದಕ್ಕೇನು ಸಿಕ್ಕಿತೆಂದು ನೀವೇ ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಹಾಳೆಯನ್ನು ನನ್ನ ಹತ್ತಿರ ತನ್ನಿ, ಬೋರ್ಡು ಹಾಕಿಕೊಂಡು ಕೂತು ನೋಡೋಣ.