ಗಳಿಕೆಯೂ ಬೇಕು, ಅಳತೆಯೂ ಬೇಕು

*ಇಂದಿನ ಧಮ್ಮ ಚಿಂತನ*


*ಇಂದಿನ ಪಾಠ:* ವ್ಯಗ್ಘಪಜ್ಜ ಸುತ್ತ, ಅಂಗುತ್ತರ ನಿಕಾಯ



ಕಡಿಮೆ ಕೊಳ್ಳಿ, ಸರಳವಾಗಿ ಬದುಕಿ, ಭೂಮಿ ಉಳಿಸಿ ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಮಾತು ಒಳ್ಳೆಯದೇ. ಆದರೆ ಅದು ನಮ್ಮ ಓಣಿಗೆ ಬಂದಾಗ ಬೇರೊಂದು ಪ್ರಶ್ನೆ ಏಳುತ್ತದೆ. ಮನೆಗೆ ಮೊದಲ ಸಲ ಫ್ರಿಜ್ ಬಂದಿದೆ. ಮಗ ಮೊದಲ ಸಂಬಳದ ಮೇಲೆ ಬೈಕ್ ತಂದಿದ್ದಾನೆ. ಮಗಳಿಗೆ ಓದಲು ಬೇರೆ ಕೋಣೆ ಕಟ್ಟಿಸಬೇಕೆಂದಿದ್ದೇವೆ. ಎಷ್ಟೋ ತಲೆಮಾರು ಏನೂ ಇಲ್ಲದೆ ಬದುಕಿದವರು ಈಗ ಮತ್ತೆ ಬೇಡ ಎನ್ನಬೇಕೇ? ಈ ಪ್ರಶ್ನೆಯನ್ನು ಇಂದು ಧಮ್ಮದ ಬೆಳಕಿನಲ್ಲಿ ನೋಡೋಣ.

*1. ಬಡತನ ಒಂದು ಗುಣವಲ್ಲ*

ಬಾಬಾಸಾಹೇಬರು 1936ರಲ್ಲಿ ಪ್ರಕಟಿಸಿದ 'ಜಾತಿ ವಿನಾಶ'ದಲ್ಲಿ ಕೆಲವು ಘಟನೆಗಳನ್ನು ದಾಖಲಿಸಿದ್ದಾರೆ. ಇಂದೋರ್ ಸೀಮೆಯ ಬಲಾಯಿ ಜನ ಜರಿ ಅಂಚಿನ ಪೇಟ ಸುತ್ತಬಾರದು, ಅವರ ಹೆಣ್ಣುಮಕ್ಕಳು ಚಿನ್ನ ಬೆಳ್ಳಿ ಒಡವೆ ಇಡಬಾರದು ಎಂದು ಮೇಲ್ಜಾತಿಯವರು ಕಟ್ಟಳೆ ಮಾಡಿದ್ದರು. ಜೈಪುರ ಸಂಸ್ಥಾನದ ಚಕವಾರಾ ಗ್ರಾಮದಲ್ಲಿ ನಮ್ಮವರು ಊಟಕ್ಕೆ ತುಪ್ಪ ಬಡಿಸಿದ್ದಕ್ಕೆ ಹಲ್ಲೆಯಾಯಿತು. ಅಹಮದಾಬಾದ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಲೋಹದ ಕೊಡದಲ್ಲಿ ನೀರು ತಂದ ಹೆಣ್ಣುಮಕ್ಕಳ ಮೇಲೆ ಕೈಮಾಡಿದರು.

ಅವರಲ್ಲಿ ತುಪ್ಪ ಕೊಳ್ಳುವಷ್ಟು ರೊಕ್ಕ ಇತ್ತು. ಉಣ್ಣುವ ಹಕ್ಕು ಮಾತ್ರ ಇರಲಿಲ್ಲ. ಆದ್ದರಿಂದ ಒಳ್ಳೆಯ ಬಟ್ಟೆ, ಒಳ್ಳೆಯ ಮನೆ, ಒಳ್ಳೆಯ ಊಟ ನಮಗೆ ಬರೀ ವಸ್ತುಗಳಲ್ಲ, ಅವು ಮಾನದ ಸಂಗತಿ. ಬುದ್ಧ ಬಡತನವನ್ನು ಹೊಗಳಲಿಲ್ಲ ಎಂಬುದನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಸ್ಪಷ್ಟಪಡಿಸಿದ್ದಾರೆ. ಅದಕ್ಕೂ ಬಹಳ ಮೊದಲು, 1918ರಲ್ಲಿ, ಬರ್ಟ್ರಂಡ್ ರಸೆಲ್ ಅವರ ಪುಸ್ತಕವೊಂದನ್ನು ವಿಮರ್ಶಿಸುತ್ತಾ, ಹಣದ ಹಂಬಲ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದು ಯಾವ ಉದ್ದೇಶಕ್ಕಾಗಿ ಎಂಬುದರ ಮೇಲೆ ನಿಂತಿದೆ ಎಂದು ವಾದಿಸಿದ್ದರು. ಅದೇ ವರ್ಷ ಬರೆದ ಸಣ್ಣ ಹಿಡುವಳಿಗಳ ಲೇಖನದಲ್ಲಿ, ಭೂಮಿಯ ಮೇಲಿನ ಹೊರೆ ಇಳಿಯಬೇಕಾದರೆ ಕೈಗಾರಿಕೆ ಬೆಳೆಯಬೇಕು ಎಂದರು. 371(ಜೆ) ಗಾಗಿ ವರ್ಷಗಟ್ಟಲೆ ಕಾದ ಕಲಬುರಗಿ ಸೀಮೆಯ ನಾವು ಅಭಿವೃದ್ಧಿ ಬೇಡ ಎನ್ನಲಾರೆವು.

ಹಾಗಾದರೆ ಅಳತೆ ಯಾವುದು?

*2. ದೀಘಜಾಣು ಕೇಳಿದ್ದು*

ಕೋಲಿಯರ ಕಕ್ಕರಪತ್ತ ಎಂಬ ಊರಿನಲ್ಲಿ ದೀಘಜಾಣು ಎಂಬ ಗೃಹಸ್ಥ ಭಗವಾನರ ಬಳಿ ಬಂದ. ನಾವು ಹೆಂಡತಿ ಮಕ್ಕಳ ನಡುವೆ ಬದುಕುವವರು, ಗಂಧ ಹಚ್ಚುವವರು, ಹೂ ಮುಡಿಯುವವರು, ಬೆಳ್ಳಿ ಬಂಗಾರ ಬಳಸುವವರು, ನಮ್ಮಂಥವರಿಗೂ ತಕ್ಕ ಧಮ್ಮ ಹೇಳಿ ಎಂದು ಕೇಳಿದ. ಅದನ್ನೆಲ್ಲ ಬಿಟ್ಟು ಬಾ ಎಂದು ಭಗವಾನರು ಹೇಳಲಿಲ್ಲ. ಈ ಲೋಕದ ಸುಖಕ್ಕೆ ನಾಲ್ಕು ಸಂಪತ್ತು ತೋರಿಸಿದರು:

▪️ *ಉಟ್ಠಾನ:* ಕಸುಬಿನಲ್ಲಿ ಶ್ರಮ, ಜಾಣ್ಮೆ
▪️ *ಆರಕ್ಖ:* ನ್ಯಾಯವಾಗಿ ಗಳಿಸಿದ್ದನ್ನು ಕಾಪಾಡುವುದು
▪️ *ಕಲ್ಯಾಣಮಿತ್ತತಾ:* ಒಳ್ಳೆಯವರ ಸಂಗ
▪️ *ಸಮಜೀವಿತಾ:* ಆದಾಯ ಖರ್ಚು ತಿಳಿದು ಸಮವಾಗಿ ಬದುಕುವುದು

ನಾಲ್ಕನೆಯದಕ್ಕೆ ಅವರು ಕೊಟ್ಟ ಉಪಮೆ ತಕ್ಕಡಿಯದು. ತಕ್ಕಡಿ ಹಿಡಿದವನಿಗೆ ಯಾವ ಕಡೆ ಎಷ್ಟು ವಾಲಿದೆ ಎಂದು ಗೊತ್ತಿರುತ್ತದೆ. ಕಡಿಮೆ ಆದಾಯದವನು ವೈಭವದಿಂದ ಬದುಕಿದರೆ, ಅತ್ತಿ ಹಣ್ಣು ತಿನ್ನುವವನ ಹಾಗೆ ಸಂಪತ್ತು ತಿನ್ನುತ್ತಾನೆ ಎಂದು ಜನ ಅನ್ನುತ್ತಾರೆ. ನಾಲ್ಕು ಹಣ್ಣಿನ ಆಸೆಗೆ ಮರವನ್ನೇ ಅಲುಗಿಸಿ ನೂರು ಹಣ್ಣು ಉದುರಿಸುವವನು ಅವನು. ಅದೇ, ತುಂಬಾ ಆದಾಯವಿದ್ದೂ ಹೊಟ್ಟೆ ಬಟ್ಟೆ ಕಟ್ಟಿ ಬದುಕಿದರೆ ಹಸಿದು ಸಾಯುವವನು ಎನ್ನುತ್ತಾರೆ. ಭಗವಾನರು *ಎರಡನ್ನೂ* ತಪ್ಪೆಂದರು ಎಂಬುದನ್ನು ಗಮನಿಸಿ. ಮಧ್ಯಮ ಮಾರ್ಗ ನಮ್ಮ ಅಡುಗೆಮನೆಯ ಲೆಕ್ಕಕ್ಕೂ ಅನ್ವಯಿಸುತ್ತದೆ.

*3. ಕೆರೆಯ ತೂಬು*

ಇದೇ ಸುತ್ತದಲ್ಲಿ ಕೆರೆಯ ಉಪಮೆಯೂ ಇದೆ. ನೀರು ಬರುವ ದಾರಿ ಮುಚ್ಚಿ, ಹೋಗುವ ದಾರಿ ತೆರೆದಿಟ್ಟರೆ, ಮಳೆಯೂ ಬಾರದಿದ್ದರೆ, ಕೆರೆ ಒಣಗುತ್ತದೆ. ಸಂಪತ್ತು ಹೋಗುವ ದಾರಿಗಳಲ್ಲಿ ಕುಡಿತ, ಜೂಜು, ಕೆಟ್ಟ ಸಂಗ ಸೇರಿವೆ. ಜೂಜು ಈಗ ಮೊಬೈಲ್‌ನಲ್ಲೇ ಮನೆಯೊಳಗೆ ಬಂದಿದೆ.

ಇಂದು ಇನ್ನೊಂದು ದೊಡ್ಡ ತೂಬು ತೆರೆದಿದೆ. ಅದು ತೋರಿಕೆಗಾಗಿ ಮಾಡುವ ಸಾಲ. ವಾರದ ಕಂತು, ತಿಂಗಳ ಕಂತು, ಒಂದನ್ನು ತೀರಿಸಲು ಇನ್ನೊಂದು. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಅದರ ತಡೆಗೆ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತದ ವಸೂಲಿಯನ್ನು ಕಾನೂನು ತಡೆಯಬಹುದು. ಆದರೆ ಮೂರು ದಿನದ ಮದುವೆಗೆ ಮೂರು ವರ್ಷ ಕಟ್ಟುವ ಕಂತನ್ನು ನಾವೇ ತಡೆಯಬೇಕು.

ಎಲ್ಲ ಸಾಲವೂ ಕೆಟ್ಟದ್ದಲ್ಲ. ಸಿಗಾಲೋವಾದ ಸುತ್ತದಲ್ಲಿ ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳಿದೆ: ಒಂದು ಪಾಲು ಅನುಭವಿಸಲು, ಎರಡು ಪಾಲು ದುಡಿಮೆಗೆ, ಒಂದು ಪಾಲು ಕಷ್ಟಕಾಲಕ್ಕೆ. ಹೊಲಿಗೆ ಯಂತ್ರ, ಎಮ್ಮೆ, ಮಕ್ಕಳ ಓದು ಇವೆಲ್ಲ ದುಡಿಮೆಯ ಪಾಲಿಗೆ ಸೇರುತ್ತವೆ. ಅನಾಥಪಿಂಡಿಕನಿಗೆ ಭಗವಾನರು ಗೃಹಸ್ಥನ ನಾಲ್ಕು ಸುಖ ಹೇಳಿದಾಗ, ಸಂಪತ್ತು ಇರುವ ಸುಖ ಮತ್ತು ಅದನ್ನು ಅನುಭವಿಸುವ ಸುಖದ ನಂತರ ಮೂರನೆಯದಾಗಿ ಹೇಳಿದ್ದು *ಸಾಲವಿಲ್ಲದ ಸುಖ*. ನಾಲ್ಕನೆಯದು ನಿಂದೆಯಿಲ್ಲದ ನಡತೆಯ ಸುಖ. ಆ ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು ಎಂದರು.

*4. ಇದರ ಬೆಲೆ ಯಾರು ಕೊಡುತ್ತಾರೆ?*

ನಿಂದೆಯಿಲ್ಲದ ಸುಖ ಬೇಕಾದರೆ, ನಮ್ಮ ಗಳಿಕೆ ಮತ್ತು ಬಳಕೆಯ ಹೊರೆ ಯಾರ ಮೇಲೆ ಬೀಳುತ್ತದೆ ಎಂದು ಕೇಳಬೇಕು.

ಮೊದಲು ಮಣ್ಣನ್ನೇ ನೋಡಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ತೊಗರಿ ಆಳಕ್ಕೆ ಬೇರಿಳಿಸಿ ಮಳೆ ನೀರಿನಲ್ಲೇ ಬದುಕುವ ಬೆಳೆ, ಮಣ್ಣಿಗೆ ಸಾರಜನಕ ಕೊಡುವ ಬೆಳೆ. ಆದರೆ ಒಂದೇ ಹೊಲದಲ್ಲಿ ವರ್ಷ ವರ್ಷ ಅದೊಂದನ್ನೇ ಬಿತ್ತಿದರೆ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಬೀಡುಬಿಡುತ್ತದೆ. 2022–23ರ ಹಂಗಾಮಿನಲ್ಲಿ ಕಾಯಿ ಕಟ್ಟುವ ಹೊತ್ತಿಗೆ ನಿಂತ ಗಿಡಗಳೇ ಒಣಗಿದ್ದನ್ನು ಈ ಜಿಲ್ಲೆ ಕಂಡಿದೆ. ಜೋಳದ ಜೊತೆ ಬೆರೆಸಿ ಬಿತ್ತಿದರೆ, ಬೆಳೆ ಬದಲಿಸಿದರೆ ರೋಗ ತಗ್ಗುತ್ತದೆ. ಮಣ್ಣಿಗೂ ಸಮಜೀವಿತಾ ಬೇಕು.

ಕಮಲಾಪುರದ ಕೆಂಪು ಬಾಳೆ ಇನ್ನೊಂದು ಪಾಠ. ಅದಕ್ಕೂ ಜಿಐ ಮಾನ್ಯತೆ ಇದೆ, ಬೆಲೆಯೂ ಹೆಚ್ಚು. ಸಾಮಾನ್ಯ ಬಾಳೆ ಸುಮಾರು ಒಂದು ವರ್ಷಕ್ಕೆ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷದವರೆಗೂ ಕಾಯಿಸುತ್ತದೆ. ಅಷ್ಟು ದಿನವೂ ನೀರು, ಗೊಬ್ಬರ ಬೇಕು. ಬೇಗ ರೊಕ್ಕ ಬೇಕೆಂದು ಅವಸರ ಮಾಡಿದರೆ ಗೊನೆ ಬಾರದು, ನೀರಿನ ಲೆಕ್ಕ ಮರೆತು ಎಲ್ಲೆಡೆ ನೆಟ್ಟರೆ ಬೋರ್‌ವೆಲ್ ಉಳಿಯದು. ಬೆಳವಣಿಗೆಗೂ ಒಂದು ವೇಗ, ಒಂದು ಮಿತಿ ಇದೆ ಎಂಬುದನ್ನು ಹೊಲದಲ್ಲಿ ಕೂಲಿ ಮಾಡುವ ನಮ್ಮ ಅಕ್ಕ ಅಣ್ಣಂದಿರು ಯಾರಿಗಿಂತಲೂ ಚೆನ್ನಾಗಿ ಬಲ್ಲರು. ಆ ಬೆಲೆಯಲ್ಲಿ ಅವರ ಕೂಲಿಯ ಪಾಲೆಷ್ಟು ಎಂಬುದೂ ಧಮ್ಮದ ಪ್ರಶ್ನೆಯೇ.

ಇನ್ನು ನಗರಕ್ಕೆ ಬನ್ನಿ. ಏಪ್ರಿಲ್ 14 ಮತ್ತು ಬುದ್ಧ ಪೂರ್ಣಿಮೆಯಂದು ಊಟ ಹಾಕುತ್ತೇವೆ, ನೀರು ಮಜ್ಜಿಗೆ ಕೊಡುತ್ತೇವೆ. ಸಂತೋಷ. ಮರುದಿನ ಬೆಳಗ್ಗೆ ಪ್ಲಾಸ್ಟಿಕ್ ಲೋಟ ತಟ್ಟೆ ಎತ್ತುವವರು ಯಾರು? ಚರಂಡಿ ಕಟ್ಟಿದಾಗ ಇಳಿಯುವವರು ಯಾರು? ಹೆಚ್ಚಿನವರು ನಮ್ಮವರೇ. ಬೇಸಿಗೆಯ ಬಿಸಿಲು ವರ್ಷ ವರ್ಷ ಏರುವಾಗ ಮೊದಲು ಬೇಯುವುದೂ ತಗಡಿನ ಮನೆಗಳೇ. ಹೀಗಾಗಿ ಪರಿಸರದ ಮಾತು ಉಳ್ಳವರ ಹವ್ಯಾಸವಲ್ಲ. *ಅತಿ ಬಳಕೆಯ ಕಸ ಕೊನೆಗೆ ಬಂದು ಬೀಳುವುದು ಜಾತಿಯ ಏಣಿಯ ಕೆಳಮೆಟ್ಟಿಲಿಗೆ.*

*5. ಆನಂದರ ಚೀವರ, ಅಜ್ಜಿಯ ಕೌದಿ*

ವಿನಯ ಪಿಟಕದಲ್ಲಿ ಒಂದು ಪ್ರಸಂಗ ಇದೆ. ಉದೇನ ರಾಜನ ರಾಣಿಯರು ಆನಂದರಿಗೆ 500 ಚೀವರ ದಾನ ಕೊಟ್ಟರು. ರಾಜನಿಗೆ ಸಿಟ್ಟು ಬಂತು, ಇಷ್ಟು ಬಟ್ಟೆ ಏನು ಮಾಡುತ್ತೀರಿ ಎಂದು ಕೇಳಿದ. ಹರಿದ ಚೀವರದ ಭಿಕ್ಖುಗಳಿಗೆ ಹಂಚುತ್ತೇವೆ ಎಂದರು ಆನಂದರು. ಹಳೆಯವು? ಹೊದಿಕೆಯಾಗುತ್ತವೆ. ಹಳೆಯ ಹೊದಿಕೆ ಹಾಸಿಗೆಯ ಗವಸಾಗುತ್ತದೆ, ಅದು ನೆಲಹಾಸಾಗುತ್ತದೆ, ನೆಲಹಾಸು ಕಾಲೊರೆಸಾಗುತ್ತದೆ, ಅದು ಧೂಳು ಒರೆಸುವ ಬಟ್ಟೆಯಾಗುತ್ತದೆ. ಕೊನೆಗೆ ಅದನ್ನೂ ಚೂರು ಮಾಡಿ ಮಣ್ಣಿಗೆ ಕಲಸಿ ನೆಲ ಸಾರಿಸುತ್ತೇವೆ. ರಾಜ ಮೆಚ್ಚಿ ಇನ್ನೂ 500 ಬಟ್ಟೆ ಕೊಟ್ಟ.

ಹಳೆಯ ಸೀರೆಗಳಿಂದ ಕೌದಿ ಹೊಲಿದ ನಮ್ಮ ಅಜ್ಜಿಯರು ಇದೇ ವಿದ್ಯೆ ಬಲ್ಲವರು. ಅವರು ಹೊಲಿದದ್ದು ಇಲ್ಲದ್ದಕ್ಕೆ. ನಾವು ಇದ್ದೂ ಹೊಲಿದರೆ ಅದು ಬಡತನವಲ್ಲ, ತಿಳಿವಳಿಕೆ. ಆನಂದರು 500 ಚೀವರ ಬೇಡ ಎನ್ನಲಿಲ್ಲ, ಒಂದು ನೂಲನ್ನೂ ಹಾಳು ಮಾಡಲಿಲ್ಲ.

ನಮ್ಮ ಜಿಲ್ಲೆಯ ಕನಗನಹಳ್ಳಿ ಸ್ತೂಪದ ಕಲ್ಲುಗಳ ಮೇಲೂ ದಾನಿಗಳ ಹೆಸರುಗಳಿವೆ, ಅವರಲ್ಲಿ ಗೃಹಸ್ಥರೂ ಇದ್ದಾರೆ. ಅವರೂ ದುಡಿದರು, ಉಂಡರು, ಉಟ್ಟರು. ಅದೆಲ್ಲ ಹೋಯಿತು. ಎಲ್ಲರಿಗಾಗಿ ಕೂಡಿ ಕೊಟ್ಟದ್ದು ಇಂದಿಗೂ ಭೀಮಾ ತೀರದಲ್ಲಿ ಇದೆ.

*ಈ ವಾರದ ಅಭ್ಯಾಸ*

1️⃣ ಮನೆಯವರೆಲ್ಲ ಕೂತು ತಿಂಗಳ ಆದಾಯ, ಖರ್ಚು, ಕಂತು ಒಂದೇ ಹಾಳೆಯಲ್ಲಿ ಬರೆಯಿರಿ. ಸಾಲಗಳನ್ನು ದುಡಿಮೆಗೆ ಮಾಡಿದ್ದು, ತೋರಿಕೆಗೆ ಮಾಡಿದ್ದು ಎಂದು ಬೇರ್ಪಡಿಸಿ.
2️⃣ ದೊಡ್ಡ ವಸ್ತು ಕೊಳ್ಳುವ ಮೊದಲು ಮೂರು ಪ್ರಶ್ನೆ: ಇದು ಮಾನಕ್ಕೋ ತೋರಿಕೆಗೋ? ಸಾಲವಿಲ್ಲದೆ ಆಗುತ್ತದೆಯೇ? ಇದರ ಹೊರೆ ಯಾರ ಮೇಲೆ?
3️⃣ ಮುಂದಿನ ಸಾಮೂಹಿಕ ಊಟಕ್ಕೆ ಸ್ಟೀಲ್ ತಟ್ಟೆ ಲೋಟ. ತೊಳೆಯುವ ಪಾಳಿಯಲ್ಲಿ ಗಂಡಸರೂ ಇರಲಿ.

*ಭಾನುವಾರದ ಚರ್ಚೆಗೆ:* ನಮ್ಮ ಮಕ್ಕಳಿಗೆ "ಬೇಡ" ಎಂದು ಹೇಳುವಾಗ, ಅದು ಜಾತಿ ಹೇಳಿದ "ಬೇಡ"ಕ್ಕಿಂತ ಹೇಗೆ ಬೇರೆ ಎಂದು ಅವರಿಗೆ ಹೇಗೆ ತಿಳಿಸುವುದು?

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ 🙏 ಜೈ ಭೀಮ್